ಆ ಪುಟ್ಟ ಟ್ಯೂಬನ್ನು ಉಪ್ಪಿನಕಾಯಿ ಜಾಡಿಯಂತೆ ಕಾಪಾಡಿ

ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಮೈಸೂರಿನ ಬಸ್ಸಿಗೆ ಕಾಯುವ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಹಿಗ್ಗು. ಹೆಗಲಲ್ಲಿ ಬ್ಯಾಗು, ಬ್ಯಾಗಿನಲ್ಲಿ ಮಡಚಿಟ್ಟ ಬಿಳಿ ಕೋಟು. ನಾನು ಓದುವಾಗ ನಮ್ಮ ಕಡೆಯಿಂದ ವಿಜ್ಞಾನ ಓದಲು ಹೋದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆಗ ನಮ್ಮ ಚಾಮರಾಜನಗರ ಬೇರೆ ಜಿಲ್ಲೆಯೂ ಆಗಿರಲಿಲ್ಲ. ಮೈಸೂರಿನಿಂದ ಬೇರ್ಪಟ್ಟಿದ್ದು 1997ರಲ್ಲಿ. ಈಗ ನಿಮ್ಮ ಜಿಲ್ಲೆಯಲ್ಲಿ 2016ರಿಂದ ಮೆಡಿಕಲ್ ಕಾಲೇಜಿದೆ, 2023ರಲ್ಲಿ ಸ್ವಂತ ವಿಶ್ವವಿದ್ಯಾಲಯವೂ ಶುರುವಾಯಿತು. ನಿಮ್ಮಲ್ಲಿ ಕೆಲವರು ಮೈಸೂರಿನ ಮಾನಸಗಂಗೋತ್ರಿಗೆ, ಸಿಎಫ್‌ಟಿಆರ್‌ಐಗೆ ಪ್ರಾಜೆಕ್ಟ್ ಮಾಡಲು ಹೋಗುತ್ತೀರಿ. ಇನ್ನು ಕೆಲವರು ಬೆಂಗಳೂರಿಗೆ, ಟಾಟಾ ಇನ್‌ಸ್ಟಿಟ್ಯೂಟಿಗೆ, ಎನ್‌ಸಿಬಿಎಸ್‌ಗೆ. ಹೋಗಿ, ಚೆನ್ನಾಗಿ ಕಲಿಯಿರಿ. ಆದರೆ ನಿಮ್ಮ ಕೈಗೆ ಮೊದಲ ಸಲ ಒಂದು ಪ್ರೋಟೀನ್ ಟ್ಯೂಬು ಬಂದಾಗ ಏನು ಮಾಡಬೇಕು, ಏನು ಮಾಡಬಾರದು ಅಂತ ನಾಲ್ಕು ಮಾತು ಹೇಳುವುದಿದೆ. ಮೂವತ್ತು ವರ್ಷ ಲ್ಯಾಬಿನ ಬೆಂಚಿನ ಮುಂದೆ ನಿಂತವಳು ನಾನು. ಕೇಳಿಸಿಕೊಳ್ಳಿ.

ನಾನು ಹೇಳಹೊರಟಿದ್ದು ಮನುಷ್ಯರ ರೀಕಾಂಬಿನೆಂಟ್ ಪ್ರೋಟೀನಿನ ಬಗ್ಗೆ. ಅದರಲ್ಲೂ ಆರ್‌ಎನ್‌ಎಗೆ ಅಂಟಿಕೊಂಡು ಕೆಲಸ ಮಾಡುವ ಪ್ರೋಟೀನಿನ ಬಗ್ಗೆ. ಹೆಸರು ಕೇಳಿ ಹೆದರಬೇಡಿ. ನಿಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆ ಇದ್ದರೆ ಮನೆಯ ಫ್ರಿಜ್ಜಿನಲ್ಲಿ ಇನ್ಸುಲಿನ್ ಇದ್ದೀತು. ಅದೂ ಹೀಗೆ ತಯಾರಾದದ್ದೇ. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾಕ್ಕೋ ಯೀಸ್ಟಿಗೋ ಸೇರಿಸಿ, ಅದರ ಕೈಯಲ್ಲೇ ಮನುಷ್ಯರ ಪ್ರೋಟೀನ್ ಮಾಡಿಸಿಕೊಳ್ಳುವುದು. ಅಮೆರಿಕದಲ್ಲಿ ಇಂಥ ಇನ್ಸುಲಿನ್‌ಗೆ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ತನ್ನದೇ ಇನ್ಸುಲಿನ್ ತಂದಿತು. ಲ್ಯಾಬಿನ ಟ್ಯೂಬಿನಲ್ಲಿರುವುದೂ ಇದೇ ಬಳಗದ್ದು. ವ್ಯತ್ಯಾಸ ಇಷ್ಟೇ: ಇನ್ಸುಲಿನ್ ಔಷಧ, ಇದು ಬರೀ ಸಂಶೋಧನೆಗೆ. ಲೇಬಲ್ಲಿನ ಮೇಲೆ ಹಾಗಂತ ಬರೆದೇ ಇರುತ್ತದೆ. ಇದನ್ನು ಮನುಷ್ಯರಿಗಾಗಲಿ ಪ್ರಾಣಿಗಾಗಲಿ ಮದ್ದು ಅಂತ ಕೊಡುವ ಹಾಗಿಲ್ಲ. ಶುದ್ಧ ಮಾಡಿದ್ದಾರಲ್ಲ ಅನ್ನಬೇಡಿ. ಲ್ಯಾಬಿಗೆ ಬೇಕಾದ ಶುದ್ಧಿ ಬೇರೆ, ಸೂಜಿಮದ್ದಿಗೆ ಬೇಕಾದ ಶುದ್ಧಿ ಬೇರೆ. ಇ. ಕೋಲೈನಲ್ಲಿ ಮಾಡಿದ ಪ್ರೋಟೀನಿನಲ್ಲಿ ಆ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಉಳಿದಿರಬಹುದು. ಬರೀ ಕಣ್ಣಿಗೆ ಅದು ಕಾಣುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಸಾಕಿದ ಜೀವಕೋಶಗಳ ಮೇಲೆ ಆ ಪ್ರೋಟೀನನ್ನು ಹಾಕುವವರಂತೂ ಎಂಡೋಟಾಕ್ಸಿನ್ ಎಷ್ಟಿದೆ ಅಂತ ಮೊದಲು ವಿಚಾರಿಸಿ. ಇಲ್ಲದಿದ್ದರೆ ಎಂಡೋಟಾಕ್ಸಿನ್ ಮಾಡಿದ ಗಲಾಟೆಯನ್ನು ನಿಮ್ಮ ಪ್ರೋಟೀನಿನ ಗುಣ ಅಂತ ಬರೆದುಬಿಡುತ್ತೀರಿ.

ಒಂದೇ ಒಂದು ಪ್ರೋಟೀನನ್ನು ಎದುರಿಗಿಟ್ಟುಕೊಂಡು ಮಾತಾಡೋಣ. ಅದರ ಹೆಸರು 'ಲಾ'. 408 ಅಮೈನೋ ಆಮ್ಲಗಳ ಸರ, ತೂಕ ಸುಮಾರು 47 ಕಿಲೋಡಾಲ್ಟನ್. ಅದರ ಕೆಲಸವನ್ನು ನಮ್ಮ ಗುಂಡ್ಲುಪೇಟೆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೂ ಕಟ್ಟುವಾಗ ಕೊನೆಗೊಂದು ಗಂಟು ಹಾಕುತ್ತೇವಲ್ಲ, ಹಾಕದೆ ಬಿಟ್ಟರೆ ತುದಿಯಿಂದ ಒಂದೊಂದೇ ಹೂ ಜಾರಿ ಸರವೆಲ್ಲ ಬಿಚ್ಚಿಹೋಗುತ್ತದೆ. ಜೀವಕೋಶದಲ್ಲಿ ಹೊಸದಾಗಿ ಹುಟ್ಟಿದ ಕೆಲವು ಚಿಕ್ಕ ಆರ್‌ಎನ್‌ಎಗಳ ತುದಿಯಲ್ಲಿ 'ಯು' ಅನ್ನುವ ಅಕ್ಷರ ಸಾಲಾಗಿ ಇರುತ್ತದೆ. ಲಾ ಪ್ರೋಟೀನು ಆ ತುದಿಯನ್ನು ಹಿಡಿದು, ತುದಿಯಿಂದ ತಿನ್ನುತ್ತ ಬರುವ ಕಿಣ್ವಗಳಿಂದ ಕಾಯುತ್ತದೆ. ಸರದ ಗಂಟು ಅದು.

ಆ ಹೆಸರು ಎಲ್ಲಿಂದ ಬಂತು ಅಂತ ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಅದು ಒಬ್ಬ ರೋಗಿಯ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರ. ಲಾ, ರೋ, ಎಸ್‌ಎಂ, ಈ ಮೂರು ಪ್ರೋಟೀನುಗಳ ಹೆಸರೂ ಹಾಗೆಯೇ ಬಂದದ್ದು. ಲೂಪಸ್, ಶೋಗ್ರೆನ್ ಅಂತ ಕಾಯಿಲೆಗಳಿವೆ, ನಮ್ಮ ದೇಹದ ರಕ್ಷಣಾ ಪಡೆಯೇ ನಮ್ಮ ಮೇಲೆ ತಿರುಗಿಬೀಳುವಂಥವು. ಕೀಲು ನೋಯುತ್ತದೆ, ಮುಖದ ಮೇಲೆ ಕೆಂಪು ಏಳುತ್ತದೆ, ಕಣ್ಣು ಬಾಯಿ ಒಣಗುತ್ತವೆ. ಅಂಥ ಅನೇಕರ ರಕ್ತದಲ್ಲಿ ಈ ಆರ್‌ಎನ್‌ಎ ಪ್ರೋಟೀನುಗಳ ವಿರುದ್ಧವೇ ಪ್ರತಿಕಾಯಗಳು ಇರುತ್ತವೆ. 1966ರಲ್ಲಿ ಟ್ಯಾನ್ ಮತ್ತು ಕುಂಕೆಲ್ ಒಬ್ಬ ಲೂಪಸ್ ರೋಗಿಯ ರಕ್ತದ ನೆರವಿನಿಂದ ಎಸ್‌ಎಂ ಅನ್ನು ಗುರುತಿಸಿದರು. 1979ರಲ್ಲಿ ಮೈಕೆಲ್ ಲರ್ನರ್ ಮತ್ತು ಜೋನ್ ಸ್ಟೈಟ್ಜ್ ಅಂಥದೇ ರೋಗಿಗಳ ಪ್ರತಿಕಾಯಗಳನ್ನು ಬಳಸಿ, ಪ್ರೋಟೀನಿನೊಂದಿಗೆ ಕೂಡಿಕೊಂಡಿರುವ ಚಿಕ್ಕ ಆರ್‌ಎನ್‌ಎಗಳನ್ನು ಹಿಡಿದು ತೋರಿಸಿದರು. ಇವತ್ತು ಡಾಕ್ಟರು 'ಎಎನ್‌ಎ ಪ್ರೊಫೈಲ್ ಮಾಡಿಸಿ' ಅಂತ ಚೀಟಿ ಬರೆದರೆ, ಆ ಪರೀಕ್ಷೆಯ ಪಟ್ಟಿಯ ಮೇಲೆ ಲಾ, ರೋ, ಎಸ್‌ಎಂ ಸಾಲಾಗಿ ಕೂತಿರುತ್ತವೆ. ಇಂಥ ಪರೀಕ್ಷೆಗಳಲ್ಲಿ ಅನೇಕ ಕಡೆ ರೀಕಾಂಬಿನೆಂಟ್ ಪ್ರೋಟೀನೇ ಇರುವುದು. ಮೈಕೈ ನೋವು ಅಂತ ವರ್ಷಗಟ್ಟಲೆ ಒದ್ದಾಡಿದ ಒಬ್ಬ ಹೆಣ್ಣುಮಗಳಿಗೆ ಕೊನೆಗೂ ಕಾಯಿಲೆಯ ಹೆಸರು ಗೊತ್ತಾಗುವುದು ಹೀಗೆ. ಆದ್ದರಿಂದ 'ಬರೀ ಒಂದು ಟ್ಯೂಬು, ಹೋದರೆ ಇನ್ನೊಂದು ತರಿಸಿದರಾಯಿತು' ಅನ್ನುವ ಮಾತು ನಿಮ್ಮ ಬಾಯಲ್ಲಿ ಬರಕೂಡದು.

ಸರಿ, ಈಗ ಕೆಲಸದ ಮಾತು.

ಮೊದಲನೆಯದು ತರಿಸುವುದು. ಶುಕ್ರವಾರ ಕಳಿಸುವಂತೆ ಯಾವತ್ತೂ ಹೇಳಬೇಡಿ. ಪಾರ್ಸೆಲ್ಲು ಶನಿವಾರ ಬಂದು ವಾಚ್‌ಮನ್ ಕೋಣೆಯಲ್ಲಿ ಕೂರುತ್ತದೆ, ಸೋಮವಾರ ನೀವು ತೆಗೆದಾಗ ಐಸೆಲ್ಲ ನೀರು. ಸೋಮವಾರ ಹೊರಟು ಮಂಗಳವಾರವೋ ಬುಧವಾರವೋ ತಲುಪುವ ಹಾಗೆ ನೋಡಿಕೊಳ್ಳಿ. ಹಬ್ಬ ಹುಣ್ಣಿಮೆಯ ರಜೆಯನ್ನು ಕ್ಯಾಲೆಂಡರಿನಲ್ಲಿ ನೋಡಿಯೇ ಆರ್ಡರ್ ಹಾಕಿ. ಬಂದ ತಕ್ಷಣ ಡಬ್ಬಿ ಬಿಚ್ಚಿ, ಒಳಗೆ ಐಸ್ ಉಳಿದಿದೆಯೋ ಕರಗಿದೆಯೋ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಕರಗಿದ್ದರೆ ಅವತ್ತೇ ಕಂಪನಿಗೆ ಬರೆಯಿರಿ. ಹದಿನೈದು ದಿನ ಬಿಟ್ಟು ಬರೆದರೆ ಯಾರು ಕೇಳುತ್ತಾರೆ?

ಮೈಸೂರಿನಿಂದ ಚಾಮರಾಜನಗರಕ್ಕೆ ಸ್ಯಾಂಪಲ್ ಒಯ್ಯುವವರಿಗೂ ಒಂದು ಮಾತು. ಡ್ರೈ ಐಸ್ ಮೈನಸ್ 78 ಡಿಗ್ರಿ ಇರುತ್ತದೆ, ಬರಿಗೈಲಿ ಮುಟ್ಟಿದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ. ಅದು ಕರಗಿ ನೀರಾಗುವುದಿಲ್ಲ, ನೇರವಾಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಡಬ್ಬಿ ಸಿಡಿದೀತು. ಕಿಟಕಿ ಮುಚ್ಚಿದ ಕಾರಿನಲ್ಲಿಟ್ಟುಕೊಂಡು ಕೂತರೆ ಉಸಿರುಗಟ್ಟೀತು. ಪ್ರೋಟೀನ್ ಹೋದರೆ ಹೋಗಲಿ, ನೀವು ಮುಖ್ಯ.

ಎರಡನೆಯದು, ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿಯೇ. ನಿಮ್ಮ ಮನೆಯಲ್ಲಿ ಉಪ್ಪಿನಕಾಯಿಯ ದೊಡ್ಡ ಜಾಡಿಯನ್ನು ದಿನಾ ತೆಗೆಯುತ್ತಾರೆಯೇ? ಇಲ್ಲ. ವಾರಕ್ಕೆ ಬೇಕಾದಷ್ಟನ್ನು ಒಣಗಿದ ಸೌಟಿನಿಂದ ಚಿಕ್ಕ ಭರಣಿಗೆ ತೆಗೆದುಕೊಂಡು, ದೊಡ್ಡದರ ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೆ ಏರಿಸುತ್ತಾರೆ. ಒದ್ದೆ ಕೈ ಹಾಕಿದರೆ ಅಜ್ಜಿ ಬೈಯುತ್ತಾರೆ. ಪ್ರೋಟೀನಿಗೂ ಅದೇ ಕಟ್ಟಳೆ. ಟ್ಯೂಬು ಬಂದ ದಿನವೇ ಅದನ್ನು ಒಂದು ಪ್ರಯೋಗಕ್ಕೆ ಸಾಲುವಷ್ಟು, 10 ಅಥವಾ 20 ಮೈಕ್ರೋಲೀಟರಿನಂತೆ, ಚಿಕ್ಕ ಟ್ಯೂಬುಗಳಿಗೆ ಹಂಚಿ. ಲ್ಯಾಬಿನಲ್ಲಿ ಅದಕ್ಕೆ ಅಲಿಕ್ವಾಟ್ ಮಾಡುವುದು ಅನ್ನುತ್ತಾರೆ. ಒಂದು ತೆಗೆದರೆ ಒಂದು ಮುಗಿಯಬೇಕು. ಉಳಿದದ್ದನ್ನು ಮತ್ತೆ ಹೆಪ್ಪುಗಟ್ಟಿಸಲು ಇಡಬೇಡಿ. ಪ್ರತಿ ಸಲ ಕರಗಿ ಗಟ್ಟಿಯಾದಾಗಲೂ ಐಸಿನ ಹರಳುಗಳ ನಡುವೆ ಉಪ್ಪು, ಪ್ರೋಟೀನು ಒಂದೆಡೆ ಒತ್ತರಿಸಿ, ಪ್ರೋಟೀನಿನ ಮಡಿಕೆ ಸಡಿಲವಾಗಿ ಅವು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಒಡೆದ ಹಾಲನ್ನು ಎಷ್ಟು ತಿರುವಿದರೂ ಮತ್ತೆ ಹಾಲಾಗುತ್ತದೆಯೇ?

ಹಂಚುವ ಮೊದಲು ಟ್ಯೂಬನ್ನು ಒಂದು ಕ್ಷಣ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕೆಳಗಿಳಿಸಿ. ದಾರಿಯಲ್ಲಿ ಕುಲುಕಾಡಿ ಅರ್ಧ ಪ್ರೋಟೀನು ಮುಚ್ಚಳಕ್ಕೆ ಅಂಟಿರುತ್ತದೆ. ನೀವು ಮುಚ್ಚಳ ತೆಗೆದ ಕೂಡಲೇ ಅದು ಗಾಳಿಪಾಲು. ಪುಡಿಯ ರೂಪದಲ್ಲಿ ಬಂದಿದ್ದರೆ ಲೇಬಲ್ಲಿನಲ್ಲಿ ಹೇಳಿದ ಬಫರನ್ನೇ, ಹೇಳಿದಷ್ಟೇ ಹಾಕಿ, ಹತ್ತು ನಿಮಿಷ ಐಸಿನ ಮೇಲಿಟ್ಟು, ಮೆಲ್ಲಗೆ ಅತ್ತಿತ್ತ ಆಡಿಸಿ. ವೋರ್ಟೆಕ್ಸ್ ಮೇಲೆ ಇಟ್ಟು ಗರಗರ ತಿರುಗಿಸುವವರನ್ನು ಕಂಡರೆ ನನಗೆ ಕೈ ಹಿಡಿದು ನಿಲ್ಲಿಸಬೇಕು ಅನಿಸುತ್ತದೆ. ನೊರೆ ಬಂತೆಂದರೆ ಪ್ರೋಟೀನು ಕೆಡುತ್ತಿದೆ ಅಂತಲೇ. ತುಂಬಾ ತೆಳ್ಳಗೆ ಮಾಡಿಯೂ ಇಡಬೇಡಿ. ತೆಳ್ಳಗಾದಷ್ಟೂ ಅದು ಟ್ಯೂಬಿನ ಗೋಡೆಗೆ ಅಂಟಿ, ಕೊನೆಗೆ ನಿಮ್ಮ ಪಿಪೆಟ್ಟಿಗೆ ಬರುವುದು ಬರೀ ಬಫರು.

ಎಲ್ಲಿಡಬೇಕು? ಲೇಬಲ್ಲು ಮೈನಸ್ 80 ಅಂದರೆ ಮೈನಸ್ 80. ಅರ್ಧಕ್ಕರ್ಧ ಗ್ಲಿಸರಾಲ್ ಹಾಕಿದ್ದು ಮೈನಸ್ 20ರಲ್ಲೂ ಗಟ್ಟಿಯಾಗದೆ ಮಂದವಾಗಿರುತ್ತದೆ, ಅದಕ್ಕೆ ಅದೇ ಜಾಗ. ಅಜ್ಜಿಯ ಇನ್ಸುಲಿನ್ ಹೆಪ್ಪುಗಟ್ಟಿದರೆ ಹಾಳು, ಈ ಟ್ಯೂಬು ಬೆಚ್ಚಗಾದರೆ ಹಾಳು. ಒಂದರ ನಿಯಮ ಇನ್ನೊಂದಕ್ಕೆ ಹಾಕಬೇಡಿ, ಆಯಾ ಲೇಬಲ್ಲು ಓದಿ. ಫ್ರಾಸ್ಟ್-ಫ್ರೀ ಅಂತ ಮಾರುವ ಮನೆಬಳಕೆಯ ಫ್ರೀಜರಿನಲ್ಲಿ ಮಾತ್ರ ಇಡಲೇಬೇಡಿ. ಐಸ್ ಕಟ್ಟದಿರಲಿ ಅಂತ ಅದು ಆಗಾಗ ತಾನೇ ಬೆಚ್ಚಗಾಗುತ್ತದೆ. ನಿಮಗೆ ಗೊತ್ತಾಗದಂತೆ ದಿನವೂ ಟ್ಯೂಬು ಕರಗಿ ಗಟ್ಟಿಯಾಗುತ್ತಿರುತ್ತದೆ. ಕರೆಂಟ್ ಹೋದಾಗ ಡೀಪ್ ಫ್ರೀಜರಿನ ಬಾಗಿಲು ತೆಗೆದು 'ತಣ್ಣಗಿದೆಯಾ' ಅಂತ ಇಣುಕುವ ಚಾಳಿ ಕೆಲವರಿಗಿದೆ. ಮುಚ್ಚಿದ ಬಾಗಿಲೇ ಆಗ ನಿಮ್ಮ ಕಾವಲು. ತೆಗೆಯಬೇಡಿ, ಜನರೇಟರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ.

ನನ್ನದೇ ಒಂದು ಕತೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ನಾನಿದ್ದ ಲ್ಯಾಬಿನಲ್ಲಿ ಹಿರಿಯರೊಬ್ಬರು ಆರು ವಾರ ಕೂತು ಶುದ್ಧ ಮಾಡಿದ ಪ್ರೋಟೀನನ್ನು ನನ್ನ ಕೈಗೆ ಕೊಟ್ಟಿದ್ದರು. ನಾನು ಅದನ್ನು ಐಸ್ ಬಕೆಟ್ಟಿನಲ್ಲಿಟ್ಟು, ಊರಿನಿಂದ ಬಂದ ಫೋನಿಗೆ ಓಡಿದೆ. ಮಾತು ಮುಗಿಸಿ ಬಂದಾಗ ಮಧ್ಯಾಹ್ನ. ಐಸು ನೀರಾಗಿತ್ತು, ಟ್ಯೂಬುಗಳು ತೇಲುತ್ತಿದ್ದವು, ಬರೆದಿದ್ದ ಶಾಯಿ ನೀರಿನಲ್ಲಿ ಕದಡಿ ಯಾವುದು ಯಾವುದೆಂದು ತಿಳಿಯದಂತಾಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವರು ಬೈಯಲಿಲ್ಲ. ಆಲ್ಕೋಹಾಲ್ ತಾಗಿದರೂ ಅಳಿಸದ ಪೆನ್ನೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋದರು. ಅವತ್ತಿನಿಂದ ಪ್ರತಿ ಟ್ಯೂಬಿನ ಮೇಲೆ ಪ್ರೋಟೀನಿನ ಹೆಸರು, ಎಷ್ಟು ಗಾಢ, ತಾರೀಖು, ಲಾಟ್ ನಂಬರು, ನನ್ನ ಹೆಸರಿನ ಅಕ್ಷರ, ಇಷ್ಟು ಬರೆಯದೆ ನಾನು ಮುಚ್ಚಳ ಹಾಕಿಲ್ಲ. ಬರೀ 'ಎ', 'ಬಿ', 'ಸಿ' ಅಂತ ಬರೆದಿಡುವವರೇ, ಮುಂದಿನ ತಿಂಗಳು 'ಬಿ' ಅಂದರೆ ಏನೆಂದು ನಿಮಗೇ ನೆನಪಿರುವುದಿಲ್ಲ.

ಈಗ ಆರ್‌ಎನ್‌ಎಯ ಪ್ರಶ್ನೆ. 2020ರಲ್ಲಿ ರಾಜ್ಯವೆಲ್ಲ ಕೊರೊನಾ ಹಬ್ಬಿದಾಗ ಜೂನ್ ಬರುವವರೆಗೂ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಒಂದೂ ಪ್ರಕರಣವಿರಲಿಲ್ಲ ಅನ್ನುವುದು ನಿಮಗೆ ನೆನಪಿರಬಹುದು. ಆ ದಿನಗಳಲ್ಲಿ ಮೂಗಿನಿಂದ ತೆಗೆದ ದ್ರವವನ್ನು ತಣ್ಣನೆಯ ಡಬ್ಬಿಯಲ್ಲಿಟ್ಟು ಓಡಿಸುತ್ತಿದ್ದರಲ್ಲ, ಯಾಕೆ? ವೈರಸ್ಸಿನ ಆರ್‌ಎನ್‌ಎ ಬೇಗ ಒಡೆದುಹೋಗುತ್ತದೆ ಅಂತ. ಒಡೆಯುವ ಕಿಣ್ವದ ಹೆಸರು ಆರ್‌ಎನ್‌ಏಸ್. ಅದು ಎಲ್ಲೋ ದೂರದಲ್ಲಿಲ್ಲ. ನಿಮ್ಮ ಬೆರಳ ತುದಿಯಲ್ಲಿದೆ, ಬೆವರಿನಲ್ಲಿದೆ, ಎಂಜಲಿನಲ್ಲಿದೆ, ಬೆಂಚಿನ ಧೂಳಿನಲ್ಲಿದೆ. ಆಟೋಕ್ಲೇವಿನಲ್ಲಿ 121 ಡಿಗ್ರಿಯಲ್ಲಿ ಬೇಯಿಸಿದರೂ ಅದು ಪೂರ್ತಿ ಸಾಯುವುದಿಲ್ಲ. ನಾಲ್ಕು ಕಡೆ ಗಂಧಕದ ಕೊಂಡಿ ಹಾಕಿಕೊಂಡ ಗಟ್ಟಿ ಜೀವ. ಕುದಿಸಿ ಆರಿಸಿದರೆ ಮತ್ತೆ ಮಡಿಚಿಕೊಂಡು ಎದ್ದು ಕೂರುತ್ತದೆ. ಆದ್ದರಿಂದ ಗ್ಲೌಸ್ ಹಾಕಿ. ಹಾಕಿದ ಗ್ಲೌಸಿನಲ್ಲೇ ಮೊಬೈಲು ಒತ್ತುವುದು, ಕೂದಲು ಸರಿಮಾಡಿಕೊಳ್ಳುವುದು, ಬಾಗಿಲ ಹಿಡಿ ತಿರುಗಿಸುವುದು ಮಾಡಬೇಡಿ. ಮಾಡಿದರೆ ಗ್ಲೌಸ್ ಬದಲಿಸಿ. ಗ್ಲೌಸ್ ಇರುವುದು ನಿಮ್ಮ ಕೈಯನ್ನು ಕಾಯಲಷ್ಟೇ ಅಲ್ಲ, ನಿಮ್ಮ ಕೈಯಿಂದ ಆರ್‌ಎನ್‌ಎಯನ್ನು ಕಾಯಲು. ಆರ್‌ಎನ್‌ಎ ಕೆಲಸಕ್ಕೆ ಟಿಪ್ಪು, ಪಿಪೆಟ್ಟು, ಬಫರು ಪ್ರತ್ಯೇಕ ಇರಲಿ. ಗಾಜಿನ ಸಾಮಾನನ್ನು 180 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸಿ. ನೀರಿಗೆ ಡಿಇಪಿಸಿ ಹಾಕುವುದಾದರೆ ಹುಡ್ಡಿನೊಳಗೇ ಹಾಕಿ, ಅದು ವಿಷ. ರಾತ್ರಿಯೆಲ್ಲ ಬಿಟ್ಟು ಆಮೇಲೆ ಆಟೋಕ್ಲೇವ್ ಮಾಡಿ. ಟ್ರಿಸ್ ಬಫರಿಗೆ ನೇರವಾಗಿ ಹಾಕಬೇಡಿ, ಟ್ರಿಸ್ಸೇ ಅದನ್ನು ತಿಂದುಹಾಕುತ್ತದೆ.

ಪ್ರೋಟೀನನ್ನು ನೀವೇ ಲ್ಯಾಬಿನಲ್ಲಿ ಶುದ್ಧ ಮಾಡುವವರಾದರೆ ಇದನ್ನು ಚೆನ್ನಾಗಿ ಗಮನಿಸಿ, ಬಹಳ ಜನ ಎಡವುವುದು ಇಲ್ಲೇ. ಆರ್‌ಎನ್‌ಎಯನ್ನು ಹಿಡಿಯುವುದು ಈ ಪ್ರೋಟೀನಿನ ಹುಟ್ಟುಗುಣ. ಬ್ಯಾಕ್ಟೀರಿಯಾದ ಒಳಗೆ ಹುಟ್ಟಿದಾಗ ಅದು ಸುಮ್ಮನಿರುತ್ತದೆಯೇ? ಬ್ಯಾಕ್ಟೀರಿಯಾದ ಆರ್‌ಎನ್‌ಎಯನ್ನೇ ಅಪ್ಪಿಕೊಂಡು ಶುದ್ಧ ಮಾಡುವ ಕಾಲಂಗೆ ಬರುತ್ತದೆ. ಜೆಲ್ ಮೇಲೆ ಒಂದೇ ಪಟ್ಟಿ ಅಂದವಾಗಿ ಕಾಣುತ್ತದೆ, ಯಾಕೆಂದರೆ ಜೆಲ್ಲಿಗೆ ಹಾಕುವ ಬಣ್ಣ ಪ್ರೋಟೀನನ್ನು ಮಾತ್ರ ತೋರಿಸುತ್ತದೆ. ನೀವು ಖುಷಿಪಟ್ಟು ಪ್ರಯೋಗಕ್ಕಿಳಿಯುತ್ತೀರಿ. ಆದರೆ ಅದರ ಕೈ ಆಗಲೇ ತುಂಬಿದೆ, ನಿಮ್ಮ ಆರ್‌ಎನ್‌ಎಯನ್ನು ಯಾವ ಕೈಯಲ್ಲಿ ಹಿಡಿದೀತು? ಅದಕ್ಕೇ 260 ಮತ್ತು 280 ನ್ಯಾನೋಮೀಟರಿನ ಅಳತೆಯನ್ನು ಕಡ್ಡಾಯವಾಗಿ ನೋಡಿ. ಶುದ್ಧ ಪ್ರೋಟೀನಿಗೆ ಅವುಗಳ ಅನುಪಾತ 0.6ರ ಆಸುಪಾಸಿನಲ್ಲಿರುತ್ತದೆ. ಒಂದನ್ನು ದಾಟಿತೆಂದರೆ ನ್ಯೂಕ್ಲಿಯಿಕ್ ಆಮ್ಲ ಜೊತೆಗಿದೆ ಅಂತ ಅನುಮಾನ ಪಡಿ. ಕಾಲಂ ಮೇಲಿರುವಾಗಲೇ ಒಂದು ಮೋಲಾರ್‌ನಷ್ಟು ಗಾಢವಾದ ಉಪ್ಪುನೀರಿನಲ್ಲಿ ತೊಳೆಯಿರಿ, ಹಿಡಿತ ಸಡಿಲವಾಗಿ ಆರ್‌ಎನ್‌ಎ ಬಿಟ್ಟುಕೊಳ್ಳುತ್ತದೆ. ಆರ್‌ಎನ್‌ಏಸ್ ಹಾಕಿ ಆರ್‌ಎನ್‌ಎಯನ್ನು ಕಡಿದುಹಾಕಿದರಾಯಿತು ಅಂತ ಸುಲಭದ ದಾರಿ ಹಿಡಿಯುವವರಿದ್ದಾರೆ. ಆ ಆರ್‌ಎನ್‌ಏಸನ್ನು ಆಮೇಲೆ ಪೂರ್ತಿ ಹೊರಗೆ ಕಳಿಸುವವರು ಯಾರು? ನಿಮ್ಮ ಮುಂದಿನ ಪ್ರಯೋಗದ ಆರ್‌ಎನ್‌ಎಯನ್ನೂ ಅದೇ ನುಂಗುತ್ತದೆ.

ಕಾಲಂನಲ್ಲಿ ಹಿಡಿಯಲೆಂದು ಪ್ರೋಟೀನಿಗೆ ಆರು ಹಿಸ್ಟಿಡಿನ್‌ಗಳ ಬಾಲ ಕಟ್ಟಿರುತ್ತಾರೆ. ಆ ಬಾಲ ಇದೆಯೇ, ಯಾವ ತುದಿಯಲ್ಲಿದೆ ಅಂತ ತಿಳಿದುಕೊಳ್ಳಿ. ತೂಕ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ. ಇನ್ನೊಂದು: ಮನುಷ್ಯರ ಜೀವಕೋಶದಲ್ಲಿ ಲಾ ಪ್ರೋಟೀನಿಗೆ ಫಾಸ್ಫೇಟ್ ಸೇರುತ್ತದೆ. ಇ. ಕೋಲೈ ಆ ಕೆಲಸ ಮಾಡಿಕೊಡುವುದಿಲ್ಲ. ಹಾಗಾಗಿ ಟ್ಯೂಬಿನಲ್ಲಿ ಕಂಡದ್ದೆಲ್ಲ ಮನುಷ್ಯರ ದೇಹದಲ್ಲೂ ಹಾಗೇ ನಡೆಯುತ್ತದೆ ಅಂತ ಪಟ್ಟುಹಿಡಿದು ಬರೆಯಬೇಡಿ.

ಪ್ರಯೋಗ ಮಾಡುವಾಗ ಕಂಟ್ರೋಲ್ ಇಡದೆ ಮುಂದೆ ಹೋಗಬೇಡಿ. 'ಟೈಮ್ ಇರಲಿಲ್ಲ ಮೇಡಂ' ಅನ್ನುವ ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಆತುರಗಾರನಿಗೆ ಬುದ್ಧಿ ಮಟ್ಟ. ಪ್ರೋಟೀನಿಲ್ಲದ ಒಂದು ಸಾಲು, ಲಾ ಬದಲು ಬೇರೆ ಪ್ರೋಟೀನಾದ ಬಿಎಸ್‌ಎ ಹಾಕಿದ ಒಂದು ಸಾಲು, ತುದಿಯಲ್ಲಿ 'ಯು' ಅಕ್ಷರಗಳಿಲ್ಲದ ಆರ್‌ಎನ್‌ಎಯ ಒಂದು ಸಾಲು, ಇಷ್ಟಾದರೂ ಜೆಲ್ಲಿನಲ್ಲಿರಲಿ. ಆರ್‌ಎನ್‌ಎ ಮೇಲೆ ಋಣ ವಿದ್ಯುತ್ತು ತುಂಬಿರುತ್ತದೆ; ಉಪ್ಪು ಕಡಿಮೆಯಾದರೆ ಧನ ವಿದ್ಯುತ್ತಿರುವ ಯಾವ ಪ್ರೋಟೀನಾದರೂ ಅದಕ್ಕೆ ಅಂಟೀತು. ಅಡುಗೆಗೂ ಬಫರಿಗೂ ಉಪ್ಪಿನ ಹದ ತಪ್ಪಬಾರದು. ನೀವು ಕಂಡದ್ದು ನಿಜವಾದ ಹಿಡಿತವೋ, ಸುಮ್ಮನೆ ತಾಗಿದ್ದೋ ಅಂತ ಹೇಳುವುದು ಆ ಕಂಟ್ರೋಲುಗಳೇ. ಫಲಿತಾಂಶ ಬರದಿದ್ದರೆ ಬರಲಿಲ್ಲ ಅಂತಲೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹಾಳೆ ಹರಿಯಬೇಡಿ, ವೈಟ್ನರ್ ಬಳಿಯಬೇಡಿ. ತಪ್ಪಿದ್ದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ತಾರೀಖು ಹಾಕಿ. ಟ್ಯೂಬನ್ನು ಹೊರಗೆ ಮರೆತು ಕೆಡಿಸಿದ್ದರೆ ಗೈಡಿನ ಹತ್ತಿರ ಹೋಗಿ ನೇರವಾಗಿ ಹೇಳಿ. ಕೆಟ್ಟ ಪ್ರೋಟೀನನ್ನು ಸದ್ದಿಲ್ಲದೆ ಮತ್ತೆ ಫ್ರೀಜರಿಗೆ ಸೇರಿಸಿದರೆ, ಮುಂದಿನ ವರ್ಷ ಬರುವ ಇನ್ನೊಂದು ಹಳ್ಳಿಯ ಮಗು ಅದರ ಮೇಲೆ ಆರು ತಿಂಗಳು ಕಣ್ಣೀರು ಹಾಕುತ್ತದೆ.

ಬೆಳೆಸಿದ ಬ್ಯಾಕ್ಟೀರಿಯಾವನ್ನು ಸಿಂಕಿಗೆ ಸುರಿಯಬೇಡಿ. ಜೀನ್ ಮಾರ್ಪಡಿಸಿದ ಜೀವಿಗಳ ಬಗ್ಗೆ ನಮ್ಮ ದೇಶದಲ್ಲಿ 1989ರಿಂದಲೇ ನಿಯಮವಿದೆ, ಅಂಥ ಕೆಲಸ ನಡೆಯುವ ಸಂಸ್ಥೆಯಲ್ಲೆಲ್ಲ ಜೈವಿಕ ಸುರಕ್ಷತೆಯ ಸಮಿತಿ ಇರಬೇಕು. ಆಟೋಕ್ಲೇವ್ ಮಾಡಿಯೇ ಎಸೆಯಿರಿ. ಬೆಂಚಿನ ಹತ್ತಿರ ಕೂತು ಊಟ ಮಾಡಬೇಡಿ, ಮನೆಯಿಂದ ಕಟ್ಟಿಕೊಂಡ ಬುತ್ತಿಯನ್ನು ಲ್ಯಾಬಿನ ಫ್ರಿಜ್ಜಿನಲ್ಲಿಡಬೇಡಿ.

ಕೊನೆಗೊಂದು ಮಾತು, ಊರಿಗೆ ಹೋಗುವವರಿಗೆ. ಪ್ರೋಟೀನ್ ಬಂದ ಥರ್ಮೋಕೋಲ್ ಡಬ್ಬಿ ಗಟ್ಟಿಯಾಗಿ ಚೆಂದವಾಗಿರುತ್ತದೆ, ನೋಡಿದರೆ ಆಸೆಯಾಗುತ್ತದೆ, ಗೊತ್ತು. ಚೆಂಡು ಹೂ ಕೊಯ್ದು ಮಾರ್ಕೆಟ್ಟಿಗೆ ಕಳಿಸಲು ಅಪ್ಪನಿಗಾದೀತು, ಮೊಸರಿಡಲು ಅಮ್ಮನಿಗಾದೀತು ಅಂತ ಬಸ್ಸಿಗೆ ಏರಿಸಿಕೊಂಡು ಹೋದ ಮಕ್ಕಳನ್ನು ನಾನು ಕಂಡಿದ್ದೇನೆ. ಒಯ್ಯಬೇಡಿ. ಲ್ಯಾಬಿನ ಸಾಮಾನು ಲ್ಯಾಬಿನಲ್ಲೇ ಇರಲಿ. ಒಳಗೆ ಡ್ರೈ ಐಸಿನ ಚೂರು ಉಳಿದಿದ್ದರೆ ಗಾಳಿಯಾಡುವ ಕಡೆ ಮುಚ್ಚಳ ತೆಗೆದಿಟ್ಟು ಆವಿಯಾಗಲು ಬಿಡಿ. ಡಬ್ಬಿಯ ಮೇಲಿನ ಲೇಬಲ್ಲನ್ನು ಕಿತ್ತು, ಲಾಟ್ ನಂಬರು ಕಾಣುವ ಹಾಗೆ ನೋಟ್‌ಬುಕ್ಕಿಗೆ ಅಂಟಿಸಿ. ಅಪ್ಪನಿಗೆ ಬೇರೆ ಡಬ್ಬಿ ಕೊಂಡುಕೊಡಿ.